ಶ್ರುತಿ ಅದೇ, ಕಾಲ ಬೇರೆ: ಅಕ್ಕನ ವಿಡಿಯೋ ಗೇಮ್ ಪ್ರಕರಣ

ದೂರು ಬಂದದ್ದು ಹುತ್ತರಿ ರಜೆಯಲ್ಲಿ. ದೂರು ಕೊಟ್ಟವಳು ದೊಡ್ಡಪ್ಪನ ಮಗಳು, ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಮೈಸೂರಲ್ಲಿದ್ದಾಳೆ, ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡ್ತಾಳೆ. ನಾನು ಸೋಮವಾರಪೇಟೆಯಲ್ಲಿ ಮಿಕ್ಸಿ, ಯುಪಿಎಸ್, ಟಿವಿ ರಿಪೇರಿ ಮಾಡಿಕೊಂಡಿರುವವನು. ಶನಿವಾರಸಂತೆ ಹತ್ತಿರ ದೊಡ್ಡಪ್ಪನ ತೋಟದ ಮನೆಗೆ ಹಬ್ಬಕ್ಕೆ ಹೋದವನಿಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಅಕ್ಕ ಫೋನ್ ಹಿಡಿದು ಬಂದಳು.

"ಇದನ್ನ ಯಾರೋ ಓಡಿಸಿಬಿಟ್ಟಿದಾರೆ ಕಣೋ. ಇದು ಹಿಂಗಿರ್ಲಿಲ್ಲ."

ಫೋನಲ್ಲಿ ಬರ್ತಿದ್ದದ್ದು ಡಕ್‌ಟೇಲ್ಸ್ ಗೇಮಿನ ಚಂದ್ರನ ಹಂತದ ಸಂಗೀತ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ. ಡಕ್‌ಟೇಲ್ಸ್ ಡಿಸ್ನಿಯವರ ಕಾರ್ಟೂನು, ಅಮೆರಿಕದಲ್ಲಿ ಶುರುವಾದದ್ದು 1987ರಲ್ಲಿ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ಹಿಂದಿಯಲ್ಲಿ ಬರ್ತಿತ್ತು. ದುಡ್ಡಿನ ರಾಶಿಯಲ್ಲಿ ಈಜುವ ಸ್ಕ್ರೂಜ್ ಮಾಮ, ಮೂರು ಬಾತುಕೋಳಿ ಅಳಿಯಂದಿರು, ನೆನಪಿರುತ್ತೆ ಅಲ್ವಾ. ಇದರ ಮೇಲೆ ಜಪಾನಿನ ಕ್ಯಾಪ್‌ಕಾಮ್ ಕಂಪನಿ 1989ರಲ್ಲಿ ಟಿವಿಗೆ ಹಾಕಿ ಆಡುವ ಸೆಟ್ಟಾದ ನಿಂಟೆಂಡೋ ಎನ್‌ಇಎಸ್‌ಗೆ ಒಂದು ಗೇಮ್ ಮಾಡಿತು. ಅಮೆಜಾನ್, ಟ್ರಾನ್ಸಿಲ್ವೇನಿಯಾ, ಆಫ್ರಿಕಾದ ಗಣಿ, ಹಿಮಾಲಯ, ಚಂದ್ರ, ಹೀಗೆ ಐದು ಜಾಗ, ಯಾವುದನ್ನ ಬೇಕಾದರೂ ಮೊದಲು ಆರಿಸಿಕೊಳ್ಳಬಹುದು. ಸ್ಕ್ರೂಜ್ ತನ್ನ ಊರುಗೋಲನ್ನೇ ಸ್ಪ್ರಿಂಗ್ ಮಾಡಿಕೊಂಡು ಟಣ್ ಟಣ್ ಅಂತ ಜಿಗಿಯೋದೇ ಇಡೀ ಆಟ. ಹಾರಿ, ಗಾಳಿಯಲ್ಲಿರುವಾಗ ಕೆಳಗಿನ ಬಾಣ ಮತ್ತೆ ಬಿ ಗುಂಡಿ ಒಟ್ಟಿಗೆ ಒತ್ತಬೇಕು. ಆ ಗುಂಡಿ ಒತ್ತಿ ಒತ್ತಿ ಅಕ್ಕನ ಹೆಬ್ಬೆರಳಲ್ಲಿ ಗಟ್ಟಿ ಕಟ್ಟಿತ್ತು. ದೊಡ್ಡಮ್ಮ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬೈತಿದ್ದದ್ದು ನನಗೂ ನೆನಪಿದೆ.

ಸಂಗೀತ ಹಿರೋಶಿಗೆ ತೊನೊಮುರಾ ಅನ್ನುವವರದ್ದು. ಶುರುವಿನ ಪರದೆಯಲ್ಲಿ ಬರೋದು ಮಾತ್ರ ಕಾರ್ಟೂನಿನ ಶೀರ್ಷಿಕೆ ಗೀತೆ, ಅದು ಮಾರ್ಕ್ ಮ್ಯುಲ್ಲರ್ ಬರೆದದ್ದು. ಚಂದ್ರನ ಹಂತದ ರಾಗಕ್ಕೂ ಕಾರ್ಟೂನಿಗೂ ಆಗ ಏನೂ ಸಂಬಂಧ ಇರಲಿಲ್ಲ. ಆಮೇಲೆ ಅದೇ ಎಷ್ಟು ಹೆಸರು ಮಾಡಿತು ಅಂದ್ರೆ 2017ರಲ್ಲಿ ಶುರುವಾದ ಹೊಸ ಡಕ್‌ಟೇಲ್ಸ್ ಸರಣಿಯಲ್ಲಿ ಅದಕ್ಕೆ ಮಾತು ಸೇರಿಸಿ, ಮೂವರು ಮರಿಗಳ ಅಮ್ಮ ಡೆಲ್ಲಾ ಹಾಡುವ ಲಾಲಿ ಮಾಡಿದರು. ಅಕ್ಕನ ಮಗಳು ಆ ಎಪಿಸೋಡ್ ನೋಡ್ತಿದ್ದಾಗ ಅಡುಗೆಮನೆಯಲ್ಲಿದ್ದ ಅಕ್ಕ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳಂತೆ. ಇದು ನಂದು, ಇದು ನನಗೆ ಗೊತ್ತು ಅಂತ. ಮಗಳಿಗೆ ತೋರಿಸೋಣ ಅಂತ ಗೇಮಿನ ಮೂಲ ಸಂಗೀತ ಹುಡುಕಿ ಹಚ್ಚಿದರೆ ಅದು ಅವಳ ನೆನಪಿನದಲ್ಲ. ಇದಿಷ್ಟು ದೂರಿನ ಮೂಲ.

ಬೇರೆ ಯಾರಾದರೂ ಹೇಳಿದ್ದರೆ ಬಿಟ್ಟುಬಿಡ್ತಿದ್ದೆ. ಇಪ್ಪತ್ತೈದು ವರ್ಷದ ಹಿಂದಿನ ನೆನಪು, ಚಿಕ್ಕವರಿದ್ದಾಗ ಮನೆ ಅಂಗಳವೂ ಫುಟ್‌ಬಾಲ್ ಮೈದಾನದಷ್ಟು ದೊಡ್ಡದಿತ್ತು. ಆದರೆ ಅಕ್ಕ ಆಮೇಲೆ ಇನ್ನೊಂದು ಮಾತು ಹೇಳಿದಳು, ಅದು ನನ್ನ ತಲೆ ಕೆಡಿಸಿತು.

"ನಮ್ಮದು ನಿಧಾನ ಇತ್ತು. ಆದ್ರೆ ಶ್ರುತಿ ಇಳಿದಿರ್ಲಿಲ್ಲ. ಶ್ರುತಿ ಅದೇ, ಕಾಲ ಬೇರೆ. ದನಿನೂ ಬೇರೆ."

ಇದು ಆಗಬಾರದ ವಿಷಯ. ಟೇಪ್ ರೆಕಾರ್ಡರ್‌ನಲ್ಲಿ ಸೆಲ್ ವೀಕಾದಾಗ ಏನಾಗ್ತಿತ್ತು? ಹಾಡು ಎಳೆದುಕೊಂಡು ನಿಧಾನ ಆಗ್ತಿತ್ತು, ಜೊತೆಗೆ ಗಾಯಕರ ಗಂಟಲೂ ಕುಂಭಕರ್ಣನ ಹಾಗೆ ಇಳೀತಿತ್ತು. ಎರಡೂ ಒಟ್ಟಿಗೆ. ನಿಧಾನ ಆಗಬೇಕು ಆದರೆ ಶ್ರುತಿ ಅಲ್ಲೇ ನಿಲ್ಲಬೇಕು ಅಂದ್ರೆ ಕಂಪ್ಯೂಟರಲ್ಲಿ ಕೂತು ಬೇಕಂತಲೇ ಮಾಡಬೇಕು. 1996ರಲ್ಲಿ ಮೈಸೂರಿನ ಅಂಗಡಿಯಿಂದ ತಂದ, ನಾವು ಈ ಗೇಮ್ ಆಡ್ತಿದ್ದ ಹೆಸರಿಲ್ಲದ ಟಿವಿ ಗೇಮ್ ಸೆಟ್ಟು ಅದನ್ನ ಹೇಗೆ ಮಾಡ್ತಿತ್ತು?

ನಾನು ಮೊದಲು ಹೇಳಿದ್ದೆಲ್ಲ ತಪ್ಪು. ಅದನ್ನೂ ಬರೀತೀನಿ, ಇಲ್ಲದಿದ್ರೆ ನಾನೇನೋ ದೊಡ್ಡ ಪಂಡಿತ ಅನ್ನಿಸಿಬಿಡುತ್ತೆ.

ಮೊದಲನೇ ಊಹೆ, ಕರೆಂಟು. ಆಗ ತೋಟದ ಮನೆಗೆ ಬರ್ತಿದ್ದ ವೋಲ್ಟೇಜ್ ದೇವರಿಗೇ ಪ್ರೀತಿ. ಬಲ್ಬು ಕೆಂಪಗೆ ಉರೀತಿತ್ತು, ಮಳೆಗಾಲದಲ್ಲಂತೂ ಮರ ಬಿದ್ದು ವಾರಗಟ್ಟಲೆ ಇರ್ತಾನೇ ಇರಲಿಲ್ಲ. ಅಡಾಪ್ಟರ್ ಕಡಿಮೆ ಕೊಟ್ಟು ಸೆಟ್ಟು ನಿಧಾನ ಓಡಿರಬೇಕು ಅಂದೆ. ಹೇಳಿ ಮುಗಿಸೋದ್ರೊಳಗೆ ನನಗೇ ನಾಚಿಕೆಯಾಯ್ತು. ಒಳಗೆ 7805 ರೆಗ್ಯುಲೇಟರ್ ಇರುತ್ತೆ, 5 ವೋಲ್ಟ್ ಕಟ್ಟಿ ಕೊಡುತ್ತೆ. ಅದಕ್ಕೂ ಸಾಲದಷ್ಟು ಇಳಿದರೆ ಸೆಟ್ಟು ನಿಧಾನ ಆಗಲ್ಲ, ನಿಂತೇ ಹೋಗುತ್ತೆ. ವೇಗ ಹೇಳೋದು ಒಳಗೆ ಗಡಿಯಾರದ ಹಾಗೆ ಒಂದೇ ಸಮ ಮಿಡಿಯುವ ಕ್ರಿಸ್ಟಲ್ಲು. ಅದು ಮಿಕ್ಸಿ ಮೋಟಾರಲ್ಲ, ವೋಲ್ಟೇಜ್ ನೋಡಿ ಓಡೋದಕ್ಕೆ.

ಎರಡನೇ ಊಹೆ, ಕ್ಯಾಸೆಟ್ಟು ನಕಲಿ. ನಕಲಿ ಅಂತೂ ಹೌದು, ಆ ಕಾಲದಲ್ಲಿ ನಮ್ಮ ಕಡೆ ಅಸಲಿ ನೋಡಿದವರು ಯಾರಿದ್ದಾರೆ? (ಕಾರ್ಟ್ರಿಜ್ ಅಂತ ಈಗ ಹೇಳ್ತಾರೆ, ನಮಗೆ ಅದು ಕ್ಯಾಸೆಟ್ಟೇ.) ನಕಲು ಮಾಡಿದವನು ಸಂಗೀತ ತಿದ್ದಿರಬಹುದು ಅಂದೆ. ಆದರೆ ಅವನಿಗೆ ಆ ಕಷ್ಟ ಯಾಕೆ? ಇದ್ದದ್ದನ್ನ ಇದ್ದ ಹಾಗೆ ಚಿಪ್ಪಿಗೆ ಇಳಿಸಿ ಮಾರೋದೇ ಅವನ ಲಾಭ.

ಮೂರನೇದು ದೊಡ್ಡಪ್ಪನದ್ದು. ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಆಗ ಎಲ್ಲಾನೂ ನಿಧಾನ ಇತ್ತು."

ಸರಿ, ಸೆಟ್ಟು ಎಲ್ಲಿದೆ ಅಂದೆ. ಅಟ್ಟದಲ್ಲಿ.

ಕೊಡಗಿನ ಅಟ್ಟ ಅಂದ್ರೆ ಗೊತ್ತಿದ್ದವರಿಗೆ ಗೊತ್ತು. ಕಾಳುಮೆಣಸಿನ ಚೀಲ, ಹಳೇ ಕಂಬಳಿ, ಒಡೆದ ಛತ್ರಿಗಳ ಕಟ್ಟು, ಎಲ್ಲದರ ಮೇಲೂ ಬೂಷ್ಟು. ಇಲ್ಲಿ ಜೂನ್‌ನಿಂದ ಮೂರು ನಾಲ್ಕು ತಿಂಗಳು ಬೆಲ್ಟಿಗೂ ಬೂಷ್ಟು ಬರುತ್ತೆ, ಪುಸ್ತಕಕ್ಕೂ ಬರುತ್ತೆ. ಸೆಟ್ಟು ಒಂದು ಬಿಸ್ಕತ್ ಡಬ್ಬದೊಳಗೆ ಹಳೇ ಸೀರೆ ಸುತ್ತಿ ಇತ್ತು. ದೊಡ್ಡಮ್ಮನ ಕೆಲಸ. ಬೈದವರೇ ಜೋಪಾನ ಮಾಡಿದ್ದು.

ಕ್ಯಾಸೆಟ್ ತಿರುಗಿಸಿ ನೋಡಿದರೆ ಪಿನ್ನುಗಳು ಹಸಿರು. ಕಿಲುಬು. ಚಿಕ್ಕವರಿದ್ದಾಗ ಗೇಮ್ ಬರಲಿಲ್ಲ ಅಂದ್ರೆ ಉಫ್ ಅಂತ ಊದಿ ಹಾಕ್ತಿದ್ವಿ, ಎಲ್ಲರೂ ಊದಿದ್ದೀವಿ. ಅದು ಬಾಯಿಯ ತೇವ, ಮೊದಲೇ ತೇವದ ಊರು, ನಾವೇ ಕಿಲುಬು ಸಾಕಿದ ಹಾಗಾಯ್ತು. ಗೇಮ್ ಬಂದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಚುಚ್ಚಿದ್ದಕ್ಕೆ. ಪೆನ್ಸಿಲ್ ರಬ್ಬರಲ್ಲಿ ಮೆತ್ತಗೆ ಉಜ್ಜಿ, ಸರ್ಜಿಕಲ್ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದೊಂದೇ ಪಿನ್ ಒರೆಸಿದೆ. ಹತ್ತಿ ಮೊದಲು ಹಸಿರು, ಆಮೇಲೆ ಕಪ್ಪು, ಎಂಟನೇ ತುಂಡಿಗೆ ಬಿಳಿ. ಒಟ್ಟು 60 ಪಿನ್. ಜಪಾನಿನಲ್ಲಿ ಇದೇ ನಿಂಟೆಂಡೋ ಸೆಟ್ಟಿಗೆ ಫ್ಯಾಮಿಕಾಮ್ ಅಂತ ಹೆಸರು, ಅದರ ಅಳತೆ ಅದು. ಅಮೆರಿಕದ ಎನ್‌ಇಎಸ್‌ಗೆ 72.

ಸೆಟ್ಟನ್ನೂ ಬಿಚ್ಚಿದೆ. ಎರಡು ಕೆಪಾಸಿಟರ್ ಉಬ್ಬಿದ್ದವು, ಬದಲಾಯಿಸಿದೆ. ಟಿವಿಗೆ ಹೋಗುವ ಸಾಕೆಟ್‌ನಲ್ಲಿ ಒಂದು ಒಣಗಿದ ಜೇಡ, ಅದನ್ನೂ ತೆಗೆದೆ. ಆಗ ಕಣ್ಣಿಗೆ ಬಿದ್ದದ್ದು ದೊಡ್ಡ ಚಿಪ್ಪಿನ ಮೇಲಿನ ಅಕ್ಷರ, ಯುಎ 6527ಪಿ. ಪಕ್ಕದಲ್ಲಿ ಕ್ರಿಸ್ಟಲ್, 26.6 ಮೆಗಾಹರ್ಟ್ಸ್.

ಯುಎ ಅಂದ್ರೆ ತೈವಾನಿನ ಯುಎಂಸಿ ಕಂಪನಿ. ನಿಂಟೆಂಡೋ ಚಿಪ್ಪನ್ನೇ ಹೋಲುವ ಚಿಪ್ಪು ಮಾಡಿ ಅರ್ಧ ಪ್ರಪಂಚಕ್ಕೆ ಹಂಚಿದವರು. ರಷ್ಯಾದಲ್ಲಿ 1992ರ ಕೊನೆಯಲ್ಲಿ ಡೆಂಡಿ ಅಂತ ಒಂದು ಸೆಟ್ಟು ಬಂತು, ಅದೂ ಇದೇ ಜಾತಿ. ನಾನು ಅಲ್ಲೇ ನೆಲದ ಮೇಲೆ ಕೂತು ಫೋನಿನ ಕ್ಯಾಲ್ಕುಲೇಟರ್ ತೆಗೆದೆ. ಲೆಕ್ಕ ಮುಗಿಯುವಾಗ ನಗು ಬಂತು, ಯಾಕಂದ್ರೆ ಅಕ್ಕ ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು.

ಹೇಗೆ ಅಂತ ಹೇಳ್ತೀನಿ. ಇಂಥ ಸೆಟ್ಟಲ್ಲಿ ಸ್ವರಕ್ಕೂ ತಾಳಕ್ಕೂ ಯಜಮಾನರು ಬೇರೆ ಬೇರೆ. ಸ್ವರ ಎಷ್ಟು ಎತ್ತರ ಇರಬೇಕು ಅನ್ನೋದು ಮುಖ್ಯ ಚಿಪ್ಪಿನ ಗಡಿಯಾರದಿಂದ ಬರುತ್ತೆ. ಆ ಗಡಿಯಾರವನ್ನ ಇಷ್ಟರಿಂದ ಭಾಗಿಸು ಅಂತ ಗೇಮು ಒಂದು ಸಂಖ್ಯೆ ಕೊಡುತ್ತೆ, ಅದೇ ಸ್ವರ. ಆದರೆ ಒಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನ ಗೇಮು ಸೆಕೆಂಡಲ್ಲಿ ಎಣಿಸೋದಿಲ್ಲ, ಪರದೆಯ ಚಿತ್ರದಲ್ಲಿ ಎಣಿಸುತ್ತೆ. ಟಿವಿ ಒಂದು ಸಲ ಚಿತ್ರ ಬರೆದು ಮುಗಿಸಿದಾಗ ಸಂಗೀತ ಒಂದು ಹೆಜ್ಜೆ ಮುಂದೆ. ಅಮೆರಿಕ, ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಬರೀತಿತ್ತು. ನಮ್ಮದು ಪಾಲ್ ಅನ್ನುವ ಟಿವಿ ಪದ್ಧತಿ, 50 ಸಲ. ಸ್ವರ 12 ಚಿತ್ರದಷ್ಟು ನಿಲ್ಲಬೇಕು ಅಂದ್ರೆ ಅಲ್ಲಿ 0.2 ಸೆಕೆಂಡು, ಇಲ್ಲಿ 0.24. ಅಲ್ಲಿ ಒಂದು ನಿಮಿಷದ ಸಂಗೀತ ಇಲ್ಲಿ 72 ಸೆಕೆಂಡು.

ಕಾಲ ಆಯ್ತು, ಶ್ರುತಿ ಯಾಕೆ ಇಳಿಯಲಿಲ್ಲ? ನಿಂಟೆಂಡೋದವರೇ ಪಾಲ್ ದೇಶಗಳಿಗೆ ಮಾಡಿದ ಸೆಟ್ಟಲ್ಲಿ ಗಡಿಯಾರವೂ ಇಳಿದಿತ್ತು, 1.79 ಮೆಗಾಹರ್ಟ್ಸ್ ಇದ್ದದ್ದು 1.66. ಅದಕ್ಕೆ ತಕ್ಕ ಹಾಗೆ ಗೇಮನ್ನ ತಿದ್ದದಿದ್ದರೆ ಶ್ರುತಿ ಒಂದು ಸ್ವರಸ್ಥಾನಕ್ಕಿಂತ ಜಾಸ್ತಿ ಕೆಳಗೆ ಬೀಳುತ್ತೆ. ಯುಎಂಸಿಯವರು ಮಾಡಿದ್ದೇ ಬೇರೆ. 26.6 ಮೆಗಾಹರ್ಟ್ಸ್ ಅನ್ನು 15ರಿಂದ ಭಾಗಿಸಿದರು, 1.77 ಬಂತು. ಅಮೆರಿಕದ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ನೂರಕ್ಕೆ ಒಂದು ಪಾಲೂ ಇಲ್ಲ. ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ ಹೋಗೋಕೆ ಸುಮಾರು ನೂರಕ್ಕೆ ಆರು ಬೇಕು. ಹಾಗಾಗಿ ಶ್ರುತಿ ಅಲ್ಲೇ ನಿಂತಿತು, ಕಾಲ ಮಾತ್ರ ಎಳೀತು. ನಕಲಿ ಸೆಟ್ಟು ಅಸಲಿ ಪಾಲ್ ಸೆಟ್ಟಿಗಿಂತ ಒಳ್ಳೇ ಶ್ರುತಿಯಲ್ಲಿತ್ತು ಅನ್ನೋದು ನನಗೆ ಈಗಲೂ ಮಜಾ ಅನ್ನಿಸುತ್ತೆ.

ಇನ್ನು ದನಿ. ಈ ಚಿಪ್ಪಿಗೆ ಐದು ಗಂಟಲು: ಎರಡು ಚೌಕ ಅಲೆಯವು, ಒಂದು ತ್ರಿಕೋನದ್ದು, ಡ್ರಮ್ಮಿಗೆ ಒಂದು ಗೊರಗೊರ, ಆಮೇಲೆ ರೆಕಾರ್ಡ್ ಮಾಡಿದ ಸಣ್ಣ ಸದ್ದಿಗೆ ಒಂದು. ಚೌಕ ಅಲೆ ಒಂದು ಸುತ್ತಿನಲ್ಲಿ ಎಷ್ಟು ಪಾಲು ಮೇಲಿರಬೇಕು ಅಂತ ಗೇಮು ಹೇಳಬಹುದು. ಕಾಲು ಪಾಲು ಇದ್ದರೆ ದನಿ ಮೂಗಲ್ಲಿ ಬಂದ ಹಾಗೆ, ಅರ್ಧ ಇದ್ದರೆ ಟೊಳ್ಳು, ದುಂಡಗೆ. ಇಂಥ ತದ್ರೂಪಿ ಚಿಪ್ಪುಗಳಲ್ಲಿ ಈ ಕಾಲು ಮತ್ತೆ ಅರ್ಧ ಅದಲುಬದಲಾಗಿರೋದು ಮಾಮೂಲಿ. ಗೇಮು ಕಾಲು ಕೇಳಿದರೆ ಅರ್ಧ ಕೊಡುತ್ತೆ, ಅರ್ಧ ಕೇಳಿದರೆ ಕಾಲು. ಅದೇ ಹಾಡು, ಅದೇ ಶ್ರುತಿ, ಹಾಡುವವರು ಮಾತ್ರ ಬೇರೆ.

ಇಷ್ಟೂ ಕಾಗದದ ಮೇಲಿನ ಮಾತು. ನಿಜವಾಗಿ ಕೇಳಬೇಕಲ್ಲ. ಮಾರನೇ ದಿನ ಅಂಗಡಿಯಿಂದ 9 ವೋಲ್ಟ್ ಅಡಾಪ್ಟರ್ ತಂದೆ, ತುದಿಯ ಧನ ಋಣ ಮೀಟರಲ್ಲಿ ನೋಡಿ ಸರಿ ಮಾಡಿಕೊಂಡೆ. ಹಳದಿ ವೈರು ಟಿವಿಗೆ, ಬಿಳಿ ವೈರು ನನ್ನ ಲ್ಯಾಪ್‌ಟಾಪಿಗೆ. ಮೊದಲ ಸಲ ಬರೀ ಬೂದು ಪರದೆ. ಕ್ಯಾಸೆಟ್ ತೆಗೆದು ಚುಚ್ಚಿದೆ, ಚೌಕ ಚೌಕ ಕಸ. ಅಕ್ಕ ತಡೆಯೋಕೆ ಆಗದೆ "ಊದೋ" ಅಂದಳು. ಊದಲಿಲ್ಲ. ಮೂರನೇ ಸಲಕ್ಕೆ ಬಂತು ಶೀರ್ಷಿಕೆ ಗೀತೆ, ಆ ನಿಧಾನದ ಶೀರ್ಷಿಕೆ ಗೀತೆ, ಅಕ್ಕ ಅಲ್ಲೇ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟಳು.

ಚಂದ್ರನ ಹಂತ ಹಾಕಿ ರೆಕಾರ್ಡ್ ಮಾಡಿದೆವು. ಶುರುವಿನ ಆ ಚುರುಕು ಸ್ವರಗಳಿಂದ ಒಂದು ಗುರುತಿನ ತನಕ ಅಳೆದೆ. ಫೋನಿನದ್ದು 10 ಸೆಕೆಂಡು, ನಮ್ಮದು 12ರ ಮೇಲೆ ಒಂದು ಚೂರು. ಅಕ್ಕ ಎರಡಕ್ಕೂ ಶ್ರುತಿ ಪೆಟ್ಟಿಗೆ ಹಿಡಿದು ನೋಡಿದಳು, ಷಡ್ಜ ಅಲ್ಲೇ ಕೂತಿತು. ಅಲೆಯನ್ನ ದೊಡ್ಡದು ಮಾಡಿ ನೋಡಿದರೆ ಒಂದರಲ್ಲಿ ಅರ್ಧ ಇದ್ದ ಕಡೆ ಇನ್ನೊಂದರಲ್ಲಿ ಕಾಲು. ನಾನು ಪರದೆ ತೋರಿಸಿ ವಿವರಿಸ್ತಾ ಇದ್ದೆ, ಅವಳು ಕೇಳ್ತಾ ಇರಲಿಲ್ಲ, ತೊಡೆ ಮೇಲೆ ತಾಳ ಹಾಕ್ತಾ ಇದ್ದಳು.

ಒಂದು ಸಾಕ್ಷಿ ಸಾಲದು ಅಂತ ದೊಡ್ಡಮ್ಮನನ್ನ ಕರೆದೆ. ಅವರು ಒಂದು ದಿನವೂ ಆ ಆಟ ಆಡಿದವರಲ್ಲ. ಆದರೆ ಎರಡು ವರ್ಷ ಬೇಸಿಗೆ ರಜೆ ಪೂರ್ತಿ ಅಡುಗೆಮನೆಯಲ್ಲಿ ಕೂತು ಬೇಡ ಬೇಡ ಅಂದ್ರೂ ಕೇಳಿಸಿಕೊಂಡವರು. ಏನು ಎತ್ತ ಹೇಳದೆ, ಬೆನ್ನು ತಿರುಗಿಸಿ ನಿಲ್ಲಿಸಿ, ಎರಡೂ ರೆಕಾರ್ಡಿಂಗ್ ಒಂದೇ ಫೋನಲ್ಲಿ ಹಾಕಿದೆ. ಮೊದಲನೇದಕ್ಕೆ "ಯಾವುದಪ್ಪಾ ಇದು" ಅಂದರು. ಎರಡನೇದು ಶುರುವಾಗಿ ನಾಲ್ಕು ಸ್ವರ ಆಗಿರಲಿಲ್ಲ.

"ಅಯ್ಯೋ, ಇದು ಇವಳದ್ದಲ್ವಾ? ಮತ್ತೆ ಶುರು ಮಾಡಿದ್ರಾ?"

ಎರಡನೇದು ಸೆಟ್ಟಿನದ್ದು. ನನ್ನ ಪ್ರಕಾರ ಕೇಸು ಅಲ್ಲಿಗೆ ಮುಗೀತು. ಕ್ರಿಸ್ಟಲ್ ಲೆಕ್ಕಕ್ಕಿಂತ ದೊಡ್ಡಮ್ಮನ ಬೇಸರ ಗಟ್ಟಿ ಸಾಕ್ಷಿ.

ಮಧ್ಯೆ ಇನ್ನೊಂದು ಹಳೇ ಲೆಕ್ಕವೂ ಬಗೆಹರೀತು. ಅಕ್ಕ ಚಿಕ್ಕವಳಿದ್ದಾಗ ಈ ಗೇಮನ್ನ ಪೂರ್ತಿ ಮುಗಿಸಿದ್ದಳು, ಕೊನೆಯ ಡ್ರಾಕುಲಾ ಬಾತು, ಆಮೇಲೆ ಹಗ್ಗ ಹತ್ತುವ ಓಟ ಎಲ್ಲ. ಮೈಸೂರಲ್ಲಿ ಮಗಳ ಮುಂದೆ ಜಂಬ ಕೊಚ್ಚಿ ಲ್ಯಾಪ್‌ಟಾಪಲ್ಲಿ ಆಡೋಕೆ ಹೋಗಿ ಮೊದಲ ಹಂತದಲ್ಲೇ ಸತ್ತು ಸತ್ತು ಮರ್ಯಾದೆ ಹೋಗಿತ್ತಂತೆ. ವಯಸ್ಸಾಯ್ತು ಅಂದುಕೊಂಡಿದ್ದಳು. ವಯಸ್ಸಲ್ಲ. ಸಂಗೀತದ ಹಾಗೆ ಜಿಗಿತ, ಶತ್ರು, ಬೀಳುವ ಕಲ್ಲು ಎಲ್ಲವೂ ಚಿತ್ರ ಎಣಿಸಿಕೊಂಡೇ ನಡೆಯೋದು. ಅವಳ ಕೈ ಕಲಿತದ್ದು 50ರ ಲೆಕ್ಕದಲ್ಲಿ, ಲ್ಯಾಪ್‌ಟಾಪು ಓಡಿಸ್ತಿದ್ದದ್ದು 60ರಲ್ಲಿ. ಇದನ್ನ ಹೇಳಿದಾಗ ಅವಳಿಗೆ ಆದ ಖುಷಿ ಸಂಗೀತದ ವಿಷಯಕ್ಕಿಂತ ಜಾಸ್ತಿ. ಹಾಗಾದ್ರೆ ಅಮೆರಿಕದ ಮಕ್ಕಳು ನಮಗಿಂತ ಜಾಣರಾ ಅಂತ ಅವಳ ಮಗಳು ಕೇಳಿದಳು. ಅದಕ್ಕೆ ನಾನು ಉತ್ತರ ಕೊಡಲಿಲ್ಲ.

ಪರಿಹಾರ ಏನು ಮಾಡಿದೆವು ಅಂದ್ರೆ, ತುಂಬ ಸುಲಭದ್ದು. ಕಂಪ್ಯೂಟರಲ್ಲಿ ಹಳೇ ಸೆಟ್ಟಿನ ಹಾಗೆ ನಡೆದುಕೊಳ್ಳುವ ಸಾಫ್ಟ್‌ವೇರಿಗೆ ಎಮ್ಯುಲೇಟರ್ ಅಂತಾರೆ. ಒಳ್ಳೇ ಎಮ್ಯುಲೇಟರ್‌ಗಳ ಸೆಟ್ಟಿಂಗ್‌ನಲ್ಲಿ ಅಮೆರಿಕ, ಪಾಲ್ ಜೊತೆಗೆ ಡೆಂಡಿ ಅಂತ ಮೂರನೇ ಆಯ್ಕೆ ಇರುತ್ತೆ. ಅದನ್ನ ಒತ್ತಿದೆ. ಚೌಕ ಅಲೆಯ ಪಾಲು ಅದಲುಬದಲು ಮಾಡುವ ಗುರುತೂ ಸಿಕ್ಕಿತು, ಅದನ್ನೂ ಹಾಕಿದೆ. ಈಗ ಅಕ್ಕನ ಲ್ಯಾಪ್‌ಟಾಪು ನಮ್ಮ ಸೆಟ್ಟಿನ ಹಾಗೇ ಹಾಡುತ್ತೆ. 2013ರಲ್ಲಿ ವೇಫಾರ್ವರ್ಡ್ ಕಂಪನಿ ಇದೇ ಗೇಮನ್ನ ಹೊಸದಾಗಿ ಬರೆದು ಬಿಟ್ಟಿತಲ್ಲ, ಜೇಕ್ ಕಾಫ್‌ಮನ್ ಸಂಗೀತ ಮತ್ತೆ ಕಟ್ಟಿದ್ದು, ಅದನ್ನೂ ಹಚ್ಚಿ ಕೇಳಿಸಿದೆ. ಚೆನ್ನಾಗಿದೆ ಅಂದಳು. ಮದುವೆ ಮನೆಯಲ್ಲಿ ಗೊತ್ತಿಲ್ಲದವರ ಸೀರೆಗೆ ಚೆನ್ನಾಗಿದೆ ಅಂತೀವಲ್ಲ, ಆ ಚೆನ್ನಾಗಿದೆ.

ಹಳೇ ಸೆಟ್ಟನ್ನ ಮತ್ತೆ ಅಟ್ಟಕ್ಕೆ ಹಾಕೋದು ಬೇಡ ಅಂದೆ. ಗಾಳಿಯಾಡದ ಡಬ್ಬಿಯಲ್ಲಿ, ಔಷಧಿ ಬಾಟಲಿಯಲ್ಲಿ ಬರುತ್ತಲ್ಲ ತೇವ ಹೀರುವ ಪುಡಿಯ ಪೊಟ್ಟಣ, ಅದರ ನಾಲ್ಕು ಹಾಕಿ ಇಡಿ ಅಂದೆ. ದೊಡ್ಡಮ್ಮ ಹಪ್ಪಳದ ಡಬ್ಬಿ ಖಾಲಿ ಮಾಡಿ ಕೊಟ್ಟರು. ಹೊರಡುವ ದಿನ ಅಕ್ಕ ಮಗಳನ್ನ ಕೂರಿಸಿಕೊಂಡು ಸೆಟ್ಟಿನ ರೆಕಾರ್ಡಿಂಗ್ ಇನ್ನೊಂದು ಸಲ ಹಾಕಿದಳು. ಹುಡುಗಿ ಅರ್ಧ ನಿಮಿಷ ತಾಳ್ಮೆಯಿಂದ ಕೇಳಿದಳು.

"ಅಮ್ಮಾ, ಇದು ತಪ್ಪು. ಡೆಲ್ಲಾ ಹಾಡೋದು ಹಿಂಗಲ್ಲ."